ಕಮಾನು ಬೇಡ, ಆಯಾ ಬೇಕು

ನಮ್ಮ ಹೈಸ್ಕೂಲಿಗೆ ಮುಂದಿನ ವರ್ಷ ಐವತ್ತು ತುಂಬುತ್ತದೆ. ಹಳೇ ವಿದ್ಯಾರ್ಥಿಗಳ ವಾಟ್ಸ್ಯಾಪ್ ಗ್ರೂಪಿನಲ್ಲಿ ಈಗ ಅದೇ ಮಾತು. ಸುವರ್ಣ ಮಹೋತ್ಸವ, ಗುರುವಂದನೆ, ಊಟಕ್ಕೆ ಹೋಳಿಗೆನಾ ಜಾಮೂನಾ. ಅದೆಲ್ಲ ಸರಿ. ಆದರೆ ನೆನಪಿಗೆ ಅಂತ ಗೇಟಿಗೆ ದೊಡ್ಡ ಕಮಾನು ಕಟ್ಟಿಸಿ, ದಾನಿಗಳ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತಿಸೋಣ ಅನ್ನುವವರೇ ಜಾಸ್ತಿ ಇದ್ದಾರೆ. ಎಸ್ಟಿಮೇಟ್ ಕೂಡ ಬಂದಿದೆ, ಎಂಟು ಲಕ್ಷ. ನಾನು ಬೇಡ, ಆ ದುಡ್ಡಿನಲ್ಲಿ ಶಾಲೆಯ ಶೌಚಾಲಯ ತೊಳೆಯುವ ಒಬ್ಬ ಆಯಾಗೆ ಸಂಬಳ ಕೊಡೋಣ ಅಂದೆ. ಯಾಕೆ ಅಂತ ಗ್ರೂಪಿನಲ್ಲೇ ಬರೆದರೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಇರುವುದು ಕೆಂಗೇರಿ ಆಚೆ, ಮೈಸೂರು ರಸ್ತೆಯಿಂದ ಒಳಗೆ. ಹೆಸರು ಹೇಳುವುದಿಲ್ಲ. ಬೆಂಗಳೂರಿನ ಅಂಚಿನಲ್ಲಿರುವ ಎಷ್ಟೋ ಸರ್ಕಾರಿ ಪ್ರೌಢಶಾಲೆಗಳ ಕಥೆ ಇದೇ. ನಾವು ಓದುವಾಗ ಅದು ಹಳ್ಳಿ ಶಾಲೆ, ಸುತ್ತ ರಾಗಿ ಹೊಲ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದರು. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂತು. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಹೊಲ ಇದ್ದ ಕಡೆ ಈಗ ಲೇಔಟು, ಪಿಜಿ, ಬಿರಿಯಾನಿ ಅಂಗಡಿ. ಇಷ್ಟೆಲ್ಲ ಆದರೂ ಹಳೇ ಊರಿನವರು, ಲೇಔಟಿನವರು, ಶೆಡ್ಡುಗಳಲ್ಲಿ ಇರುವವರು ಮೂವರೂ ಕಾಲಿಡುವ ಜಾಗ ಆ ಶಾಲೆಯ ಮೈದಾನ ಒಂದೇ.

ಬೆಳಿಗ್ಗೆ ಆರಕ್ಕೆ ನಮ್ಮ ಲೇಔಟಿನ ಅಂಕಲ್‌ಗಳು ಅಲ್ಲಿ ಸುತ್ತು ಹಾಕುತ್ತಾರೆ. ಭಾನುವಾರ ಟೆನಿಸ್ ಬಾಲ್ ಟೂರ್ನಮೆಂಟು. ಜಾತ್ರೆ ಬಂದರೆ ಪಾರ್ಕಿಂಗು. ಕಣ್ಣಿನ ಕ್ಯಾಂಪು, ರಕ್ತದಾನ, ರಾಜ್ಯೋತ್ಸವದ ಆರ್ಕೆಸ್ಟ್ರಾ, ಎಲ್ಲಕ್ಕೂ ಅದೇ. ಎಲೆಕ್ಷನ್ ದಿನ ನಾವೆಲ್ಲ ಅದರ ಎಂಟನೇ ಕ್ಲಾಸಿನ ರೂಮಿನ ಮುಂದೆ ಕ್ಯೂ ನಿಲ್ಲುತ್ತೇವೆ. ಆ ಊರಿನಲ್ಲಿ ಯಾರನ್ನು ಕೇಳಿದರೂ ‘ನಮ್ಮ ಶಾಲೆ’ ಅಂತಲೇ ಅನ್ನುತ್ತಾರೆ. ಒಂಬತ್ತೂವರೆಗೆ ಬೆಲ್ ಹೊಡೆದ ಮೇಲೆ ಒಳಗೆ ಯಾರಿರುತ್ತಾರೆ ಅನ್ನುವುದು ಮಾತ್ರ ಯಾರಿಗೂ ಬೇಡ.

ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಗಾರ್ಮೆಂಟ್ಸಿಗೆ ಹೋಗುವ ಅಮ್ಮಂದಿರ ಮಕ್ಕಳು, ಹಳೇ ಊರಿನ ಒಂದಷ್ಟು ಮನೆಯ ಮಕ್ಕಳು. ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ನೇಪಾಳದವರು. ಅವರ ಮಗಳು ಮನೆಯಲ್ಲಿ ನೇಪಾಳಿ ಮಾತಾಡಿಕೊಂಡು, ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ 125 ಅಂಕಕ್ಕೆ ಬರೆಯುತ್ತಾಳೆ. ನವೆಂಬರಿನಲ್ಲಿ ಬಾವುಟ ಹಿಡಿದು ಓಡಾಡುವ ನಮ್ಮ ಲೇಔಟಿನ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಸಾಧ್ಯ ಹೇಳಿ? ನನ್ನ ಮಗನೂ ಹಳದಿ ಬಸ್ಸಿನಲ್ಲಿ ಹೋಗುವವನೇ, ಅವನನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ ಫ್ರೀ ಆದ ಮೇಲೆ ನಾಲ್ಕೈದು ಸ್ಟಾಪ್ ಆಚೆಯ ಹುಡುಗಿಯರೂ ಇಲ್ಲಿಗೆ ಬರುತ್ತಾರೆ. ಮುನ್ನೂರು ಚಿಲ್ಲರೆ ಮಕ್ಕಳಲ್ಲಿ ಈಗ ಹುಡುಗಿಯರೇ ಜಾಸ್ತಿ.

ಈ ಶಾಲೆಗೆ ಯಾರೂ ಏನೂ ಕೊಟ್ಟಿಲ್ಲ ಅಂತ ನಾನು ಹೇಳುವುದಿಲ್ಲ. ಸರ್ಕಾರ ಪುಸ್ತಕ, ಯೂನಿಫಾರಂ, ಶೂ, ಬಿಸಿಯೂಟ, ಹಾಲು, ಮೊಟ್ಟೆ, ರಾಗಿ ಮಾಲ್ಟ್ ಕೊಡುತ್ತದೆ. ಸರ್ಕಾರಿ ಶಾಲೆಗಳಿಗೆ ಕರೆಂಟು, ನೀರು ಉಚಿತ ಅಂತ 2023ರ ರಾಜ್ಯೋತ್ಸವದ ದಿನ ಘೋಷಣೆಯೂ ಆಯಿತು. ಯಾವುದೋ ಕಂಪನಿಯವರು ಎರಡು ಸ್ಮಾರ್ಟ್ ಟಿವಿ ಕೊಟ್ಟರು, ಇನ್ನೊಬ್ಬರು ನೀರಿನ ಫಿಲ್ಟರ್. ಮತ್ತೊಂದು ಕಂಪನಿಯ ಹುಡುಗ ಹುಡುಗಿಯರು ಒಂದು ಶನಿವಾರ ಒಂದೇ ಬಣ್ಣದ ಟೀ ಶರ್ಟ್ ಹಾಕಿಕೊಂಡು ಬಂದು ಕಾಂಪೌಂಡಿಗೆ ಚಿಟ್ಟೆ, ಗ್ಲೋಬು, ರಾಕೆಟ್ ಬರೆದು, ಫೋಟೊ ತೆಗೆಸಿಕೊಂಡು ಹೋದರು. ಚೆನ್ನಾಗಿಯೇ ಬರೆದಿದ್ದಾರೆ.

ಆ ರಾಕೆಟ್ ಇರುವ ಗೋಡೆಯ ಹಿಂದೆಯೇ ಹುಡುಗಿಯರ ಶೌಚಾಲಯ. ಹೋದ ತಿಂಗಳು ಪ್ರತಿಭಾ ಕಾರಂಜಿಗೆ ತೀರ್ಪುಗಾರಳಾಗಿ ಕರೆದಿದ್ದರು, ಆಗ ನೋಡಿದೆ. ನಾಲ್ಕು ಬಾಗಿಲು, ಚಿಲಕ ಇರುವುದು ಒಂದಕ್ಕೆ. ಒಂದನ್ನು ತಂತಿ ಸುತ್ತಿ ಮುಚ್ಚಿಬಿಟ್ಟಿದ್ದಾರೆ. ಉಳಿದ ಎರಡಕ್ಕೆ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ನಿಂತು ಬಾಗಿಲನ್ನು ವೇಲಿನಿಂದ ಎಳೆದು ಹಿಡಿದುಕೊಳ್ಳಬೇಕು. ನಲ್ಲಿಯ ತಲೆ ರಾತ್ರಿ ಯಾರೋ ಬಿಚ್ಚಿಕೊಂಡು ಹೋಗಿದ್ದಾರೆ, ಆ ಬಾಯಿಗೆ ಬಟ್ಟೆ ತುರುಕಿದೆ. ವಾಸನೆ ಬಗ್ಗೆ ಬರೆಯುವುದಿಲ್ಲ. ಬಾಗಿಲು ಹಿಡಿದು ನಿಂತಿದ್ದ ಹುಡುಗಿಯನ್ನು, ‘ದಿನಾ ಹಿಂಗೇನಾ ಪುಟ್ಟ?’ ಅಂದೆ. ‘ನಾನು ಬರೋದೇ ಇಲ್ಲ ಮೇಡಂ, ಬೆಳಿಗ್ಗೆಯಿಂದ ನೀರೇ ಕುಡಿಯಲ್ಲ’ ಅಂದಳು. ಏನೋ ಜಾಣತನ ಮಾಡಿದವಳ ಹಾಗೆ ನಕ್ಕಳು ಕೂಡ. ಫಿಲ್ಟರ್ ಕೊಟ್ಟ ಕಂಪನಿಯವರಿಗೆ ಇದನ್ನು ಯಾರು ಹೇಳುತ್ತಾರೆ?

ದಿನಾ ತೊಳೆಯುವವರು ಯಾರೂ ಇಲ್ಲ, ಅಷ್ಟೇ ಸಮಸ್ಯೆ. ಡಿ ಗ್ರೂಪ್ ನೌಕರರು ರಿಟೈರ್ ಆದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲೇ ಇಲ್ಲ. ಸರ್ಕಾರಿ ಶಾಲೆಗಳಿಗೆ ದುಡ್ಡು ಕೊಡುವ ‘ಸಮಗ್ರ ಶಿಕ್ಷಣ’ ಯೋಜನೆಯ ನಿಯಮದಲ್ಲಿ 250ಕ್ಕಿಂತ ಜಾಸ್ತಿ, 1,000ದವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 75,000 ರೂಪಾಯಿ ಅನುದಾನ. ಸೀಮೆಸುಣ್ಣ, ರಿಪೇರಿ, ಲ್ಯಾಬು, ಎಲ್ಲ ಅದರಲ್ಲೇ. ಅದರಲ್ಲಿ ಕನಿಷ್ಠ ಶೇ. 10 ಸ್ವಚ್ಛತೆಗೆ ಇಡಬೇಕು. ಅಂದರೆ 7,500. ತಿಂಗಳಿಗೆ 625 ರೂಪಾಯಿ! ಅಷ್ಟು ದುಡ್ಡಿಗೆ ಬೆಂಗಳೂರಿನಲ್ಲಿ ಯಾರು ಬರುತ್ತಾರೆ? ಹೆಡ್‌ಮಿಸ್ಸು ತಮ್ಮ ಕೈಯಿಂದ ಕೊಟ್ಟು ವಾರಕ್ಕೆ ಎರಡು ದಿನ ಒಬ್ಬರನ್ನು ಕರೆಸುತ್ತಾರೆ.

ಮಕ್ಕಳೇ ತೊಳೆದರೆ ಏನಾಯ್ತು, ನಾವು ತೊಳೆದಿರಲಿಲ್ವಾ ಅಂತ ಗ್ರೂಪಿನಲ್ಲಿ ಒಬ್ಬರು ಹಾಕಿದರು. ನಾವು ಗುಡಿಸಿದ್ದು ಕ್ಲಾಸ್ ರೂಮು, ಮಾರಾಯ್ರೆ. 2023ರ ಡಿಸೆಂಬರಿನಲ್ಲಿ ಬೆಂಗಳೂರಿನದೇ ಒಂದು ಸರ್ಕಾರಿ ಶಾಲೆಯಲ್ಲಿ ಮಕ್ಕಳು ಶೌಚಾಲಯ ತೊಳೆಯುವ ವಿಡಿಯೊ ಹರಿದಾಡಿ, ಮುಖ್ಯ ಶಿಕ್ಷಕಿ ಅಮಾನತಾದರು. ಮಕ್ಕಳ ಕೈಯಲ್ಲಿ ಮಾಡಿಸಬಾರದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮಾನತು ಮಾಡಿದ ಮಾರನೇ ದಿನ ಎಲ್ಲ ಶಾಲೆಗೂ ಒಬ್ಬೊಬ್ಬ ಆಯಾ ಬಂದರಾ? ಇಲ್ಲ. ಇನ್ನೊಬ್ಬ ಗೆಳೆಯ, ‘ಆ ಕಾಲೋನಿಯಿಂದ ಯಾರನ್ನಾದರೂ ಕರೆಸಿ ನೂರು ರೂಪಾಯಿ ಕೊಟ್ಟರೆ ಆಯ್ತು’ ಅಂದ. ಯಾವ ಕಾಲೋನಿ ಅಂತ ನಮ್ಮೂರಿನವರಿಗೆಲ್ಲ ಗೊತ್ತು. ಈ ಕೆಲಸಕ್ಕೆ ಸಂಬಳ ಇಡಬೇಕು ಅಂತ ಇಷ್ಟು ವರ್ಷ ಯಾರಿಗೂ ಹೊಳೆಯದೆ ಇದ್ದದ್ದಕ್ಕೆ ಕಾರಣವೂ ಅದೇ. ಅದು ಯಾರದ್ದೋ ಹಣೆಬರಹ ಅಂತ ನಾವೇ ಬಿಟ್ಟಿದ್ದೇವೆ.

ಅದು ಸರ್ಕಾರದ ಕೆಲಸ ಅಲ್ವಾ ಅನ್ನುವವರಿಗೂ ಒಂದು ಮಾತು. ಹೌದು, ಸರ್ಕಾರದ್ದೇ. ಶಿಕ್ಷಣ ಇಲಾಖೆಯ ಬಿಇಒ ಆಫೀಸಿಗೆ, ಎಂಎಲ್ಎ ಆಫೀಸಿಗೆ ಅರ್ಜಿ ಕೊಡೋಣ, ಬೆನ್ನು ಹತ್ತೋಣ. ಆದರೆ ಪ್ರೌಢಶಾಲೆ ಅಂದರೆ ಎಂಟು, ಒಂಬತ್ತು, ಹತ್ತು, ಮೂರೇ ವರ್ಷ. ಫೈಲು ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗುವಷ್ಟರಲ್ಲಿ ಆ ಹುಡುಗಿ ಟಿಸಿ ತಗೊಂಡು ಹೋಗಿರುತ್ತಾಳೆ.

ನನ್ನ ಲೆಕ್ಕ ಇಷ್ಟು. ನಮ್ಮ ಕಡೆ ಅಪಾರ್ಟ್‌ಮೆಂಟುಗಳಲ್ಲಿ ಹೌಸ್‌ಕೀಪಿಂಗ್‌ನವರಿಗೆ ಹದಿನಾಲ್ಕು, ಹದಿನೈದು ಸಾವಿರ ಕೊಡುತ್ತಾರೆ. ಶಾಲೆಯ ಆಯಾಗೂ ಹದಿನೈದು ಅಂದುಕೊಳ್ಳಿ, ವರ್ಷಕ್ಕೆ 1,80,000. ಕಮಾನಿನ ಎಂಟು ಲಕ್ಷದಲ್ಲಿ ನಾಲ್ಕು ವರ್ಷ ಸಂಬಳ ಕೊಟ್ಟು, ಮಿಕ್ಕಿದ್ದರಲ್ಲಿ ಚಿಲಕ, ನಲ್ಲಿ, ಗ್ಲೌಸು, ಬ್ರಷ್ಷು, ಪ್ಯಾಡ್ ಹಾಕುವ ಮುಚ್ಚಳದ ಡಬ್ಬಿ ಎಲ್ಲ ಆಗುತ್ತದೆ. ನಾಲ್ಕು ವರ್ಷ ಆದ ಮೇಲೆ? ಗ್ರೂಪಿನಲ್ಲಿ ಇನ್ನೂರಕ್ಕೂ ಜಾಸ್ತಿ ಜನ ಇದ್ದೇವೆ. ಐವತ್ತು ಜನ ತಿಂಗಳಿಗೆ ಮುನ್ನೂರು ಹಾಕಿದರೂ ಸಾಕು. ದುಡ್ಡು ಯಾರ ಜೇಬಿಗೂ ಬೇಡ, ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಖಾತೆಗೆ ಕಟ್ಟಿ ರಸೀದಿ ತಗೊಳ್ಳೋಣ. ಬೆಳಿಗ್ಗೆ ಸುತ್ತು ಹಾಕುವ ಅಂಕಲ್‌ಗಳನ್ನೂ ಕೇಳೋಣ, ಟೂರ್ನಮೆಂಟಿನವರ ಹತ್ತಿರ ಮೈದಾನಕ್ಕೆ ಬಾಡಿಗೆ ತಗೊಳ್ಳೋಣ. ಇಷ್ಟು ವರ್ಷ ಪುಕ್ಕಟೆ ಆಡಿದ್ದಾರೆ, ಕೊಡಲಿ ಬಿಡಿ.

ಕಂಪನಿಗಳಲ್ಲಿ ಇರುವ ಗೆಳೆಯರಿಗೂ ಹೇಳುತ್ತೇನೆ. ಕಂಪನಿ ಸಮಾಜಕ್ಕೆ ಅಂತ ಕೊಡುವ ದುಡ್ಡಿನ, ಅಂದರೆ ನಿಮ್ಮ ಸಿಎಸ್‌ಆರ್ ಫಾರಂನಲ್ಲಿ ಸಂಬಳ ಅನ್ನುವ ಕಾಲಂ ಇರುವುದಿಲ್ಲ ಅಂತೀರಿ. ಟಿವಿಗೆ ಇರುತ್ತದೆ, ಬಣ್ಣಕ್ಕೆ ಇರುತ್ತದೆ. ಒಮ್ಮೆ ಕೇಳಿ ನೋಡಿ, ಆ ಕಾಲಂ ಹಾಕಿಸಿ.

ಗ್ರಾನೈಟಿನಲ್ಲಿ ಹೆಸರು ಬೇಕೇ ಬೇಕು ಅನ್ನುವವರಿಗೆ ನನ್ನ ಅಡ್ಡಿ ಇಲ್ಲ. ಶೌಚಾಲಯದ ಗೋಡೆಗೆ ಹಾಕಿಸೋಣ, ನನ್ನದನ್ನೇ ಮೊದಲು ಬರೆಸಿ. ಬರುವ ಭಾನುವಾರ ಹತ್ತು ಗಂಟೆಗೆ ಶಾಲೆಯಲ್ಲೇ ಮೀಟಿಂಗ್ ಇದೆ. ಕಮಾನು ಬೇಕು ಅನ್ನುವವರು ದಯವಿಟ್ಟು ತಪ್ಪಿಸಬೇಡಿ, ಹೆಂಡತಿ ಮಕ್ಕಳನ್ನೂ ಕರೆದುಕೊಂಡು ಬನ್ನಿ. ಮೀಟಿಂಗ್ ಕಡಿಮೆ ಅಂದರೂ ಮೂರು ಗಂಟೆ ಹೊತ್ತು ನಡೆಯುತ್ತದೆ, ಕಾಫಿಯನ್ನು ಎರಡು ಸಲ ಕೊಡಿಸುತ್ತೇನೆ.