ಕಲ್ಲಿನ ಕಾಡಿನಲ್ಲಿ ನೆನಪಾದ ನಮ್ಮೂರ ವೀರಗಲ್ಲು

ಚೀನಾದ ಶಿಆನ್ ನಗರಕ್ಕೆ ಬಂದು ಆರು ವರ್ಷವಾಯಿತು. ಊರ ಕಡೆಯಿಂದ ಯಾರೇ ಬರಲಿ, ಮಣ್ಣಿನ ಸೈನಿಕರನ್ನು ತೋರಿಸಿ ಅನ್ನುತ್ತಾರೆ. ತೋರಿಸುತ್ತೇನೆ. ಮರುದಿನ ಮಾತ್ರ ಹಟ ಹಿಡಿದು ಬೇಲಿನ್ ಎಂಬ ಶಾಸನ ಸಂಗ್ರಹಾಲಯಕ್ಕೆ ಕರೆದೊಯ್ಯುತ್ತೇನೆ.

ಬೇ ಎಂದರೆ ಬರಹದ ಕಲ್ಲು, ಲಿನ್ ಎಂದರೆ ಕಾಡು. 837ರಲ್ಲಿ ಟಾಂಗ್ ಅರಸರು ಕೆತ್ತಿಸಿದ 114 ಕಲ್ಲುಗಳನ್ನು ಉಳಿಸಲೆಂದು 1087ರಲ್ಲಿ ಈ ಜಾಗ ಹುಟ್ಟಿತು. ಕಲ್ಲುಗಳ ಎರಡೂ ಬದಿಗೆ ಕನ್ಫ್ಯೂಷಿಯಸ್ ಪರಂಪರೆಯ 12 ಗ್ರಂಥಗಳಿವೆ, ಸುಮಾರು 6.5 ಲಕ್ಷ ಅಕ್ಷರ. ಕೈಬರಹದ ಪ್ರತಿಗಳಲ್ಲಿ ತಪ್ಪು ನುಸುಳುತ್ತಿದ್ದ ಕಾಲ. ಓದುವವರು ಕಲ್ಲು ನೋಡಿ ತಿದ್ದಿಕೊಳ್ಳಲಿ ಎಂಬುದು ಉದ್ದೇಶ. 1556ರ ಭೂಕಂಪಕ್ಕೆ ಹಲವು ಕಲ್ಲು ಒಡೆದವು. ಮುಂದೆ ವಿದ್ವಾಂಸರು ಅಳಿದ ಅಕ್ಷರಗಳನ್ನು ಚಿಕ್ಕ ಕಲ್ಲುಗಳಲ್ಲಿ ಕೆತ್ತಿಸಿದರು.

ನನಗೆ ಅದಕ್ಕಿಂತ ಹಿಡಿಸಿದ್ದು ಪಡಿಯಚ್ಚು ತೆಗೆಯುವ ಕೆಲಸ. ಒದ್ದೆ ಕಾಗದವನ್ನು ಕಲ್ಲಿಗಂಟಿಸಿ, ಕುಂಚದಿಂದ ಮೆಲ್ಲಗೆ ತಟ್ಟಿ ಅಕ್ಷರದ ಕುಳಿಗೆ ಇಳಿಸುತ್ತಾರೆ. ತೇವ ಆರುತ್ತಿದ್ದಂತೆ ಮಸಿಯ ಬಟ್ಟೆಯುಂಡೆಯಿಂದ ಒತ್ತುತ್ತಾರೆ. ಕಪ್ಪಿನ ನಡುವೆ ಬೆಳ್ಳಗೆ ಅಕ್ಷರ ಏಳುತ್ತದೆ. ನಮ್ಮ ಶಾಸನತಜ್ಞರೂ ಮಾಡುವುದು ಇದನ್ನೇ. ಆದರೆ ಇಲ್ಲಿ ಆ ಹಾಳೆ ಶಾಲೆಯ ಮಕ್ಕಳ ಕೈಗೂ ಬರುತ್ತದೆ. ಬರವಣಿಗೆ ತರಗತಿಯಲ್ಲಿ ನನ್ನ ಮಗಳು ತಿದ್ದುವುದು ಟಾಂಗ್ ಕಾಲದ ಹೆಸರಾಂತ ಲಿಪಿಕಾರ ಯಾನ್ ಚೆನ್‌ಛಿಂಗ್ 752ರಲ್ಲಿ ಬರೆದ ಅಕ್ಷರಗಳನ್ನು. ಆ ಕಲ್ಲು ನಮ್ಮ ಮನೆಯಿಂದ ಎರಡು ಬಸ್ ನಿಲ್ದಾಣದಾಚೆ ಬೇಲಿನ್‌ನಲ್ಲೇ ನಿಂತಿದೆ.

ಶಿಕಾರಿಪುರದ ಹತ್ತಿರದ ನಮ್ಮೂರಲ್ಲಿ ಕೆರೆಯ ದಂಡೆಗೊಂದು ವೀರಗಲ್ಲಿತ್ತು. ಅಜ್ಜಿ ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಅವಳದು ತಪ್ಪು ಅನ್ನಲಾರೆ. ಅದರಲ್ಲಿ ಏನು ಬರೆದಿದೆಯೆಂದು ಅವಳಿಗಾಗಲಿ ನಮಗಾಗಲಿ ಯಾರೂ ಓದಿ ಹೇಳಿರಲಿಲ್ಲ.

ಚೀನಾದವರು ಎಲ್ಲವನ್ನೂ ಕಾಪಾಡಿಕೊಂಡರು ಎಂದೂ ಹೇಳುತ್ತಿಲ್ಲ. 1966ರಲ್ಲಿ ಕನ್ಫ್ಯೂಷಿಯಸ್‌ನ ಊರಾದ ಛೂಫುವಿನಲ್ಲಿ ಮಾವೊನ ಸಾಂಸ್ಕೃತಿಕ ಕ್ರಾಂತಿಯ ಕೆಂಪು ಕಾವಲು ಪಡೆಯ ಹುಡುಗರೇ ಶಾಸನದ ಕಲ್ಲುಗಳನ್ನು ಒಡೆದರು. ನಮ್ಮ ಕಲ್ಲುಗಳನ್ನೆಲ್ಲ ಕಿತ್ತು ಒಂದೇ ಸೂರಿನಡಿ ನಿಲ್ಲಿಸುವುದೂ ನನಗೆ ಬೇಡ. ಬೇಲಿನ್‌ನ ಆ 114 ಕಲ್ಲುಗಳು ಅರಸನ ಅಪ್ಪಣೆಯಿಂದ ಎದ್ದವು. ನಮ್ಮವು ತುರುಗೋಳಿನಲ್ಲಿ, ಎಂದರೆ ದನಗಳ್ಳರ ದಾಳಿಯಲ್ಲಿ, ದನ ಬಿಡಿಸಲು ಹೋಗಿ ಮಡಿದವನಿಗೆ ಅವನ ಊರಿನಲ್ಲೇ ನೆಟ್ಟವು. ಆತಕೂರಿನಲ್ಲಂತೂ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಕಲ್ಲು ನಿಂತಿತು. ಇಂಥ ಕಲ್ಲು ಊರಲ್ಲೇ ಇರಬೇಕು. ಅದರ ಪಡಿಯಚ್ಚು ಊರ ಶಾಲೆಯ ಗೋಡೆಗೆ ಬರಬೇಕು. ಹತ್ತನೇ ಶತಮಾನದ ಕನ್ನಡ ಲಿಪಿ ಮೊದಲ ನೋಟಕ್ಕೆ ಬೇರೆ ಯಾವುದೋ ಭಾಷೆಯಂತೆ ಕಾಣುತ್ತದೆ, ನಿಜ. ಆದರೆ ದಿನಕ್ಕೆ ನಾಲ್ಕು ಅಕ್ಷರ ತಿದ್ದಿದರೆ ಅದು ಮಕ್ಕಳಿಗೆ ಖಂಡಿತ ಒಲಿಯುತ್ತದೆ.

ಹೋದ ತಿಂಗಳು ಶಾಸನ ಬಲ್ಲ ಮೇಷ್ಟ್ರೊಬ್ಬರು ನಮ್ಮೂರ ಕಲ್ಲಿನ ಪಡಿಯಚ್ಚಿನ ಫೋಟೊ ಕಳಿಸಿದರು. ಮಗಳು ಅದನ್ನು ಮೇಜಿನ ಮೇಲಿಟ್ಟು, ಅದೇ ಚೀನೀ ಕುಂಚದಿಂದ ‘ತುಱು’ ಎಂದು ಬರೆಯುತ್ತಿದ್ದಾಳೆ. ಆ ಎರಡನೆಯ ಅಕ್ಷರ ಅವಳು ಕಲಿತ ವರ್ಣಮಾಲೆಯಲ್ಲಿಲ್ಲ.