ಮಳೆ ಬಂದರೂ ಪಂಚಾಯ್ತಿ, ಬರ ಬಂದರೂ ಪಂಚಾಯ್ತಿ: ಆದರೆ ಅವರ ಕೈಯಲ್ಲಿ ಏನಿದೆ?

ಕೆರೆ ಏರಿ ಒಡೆದು ಗದ್ದೆಗೆ ನೀರು ನುಗ್ಗಿದ ದಿನ ಜನ ಮೊದಲು ಹೋಗುವುದು ಪಂಚಾಯ್ತಿ ಮೆಂಬರ್ ಮನೆಗೆ. ಬೋರ್‌ವೆಲ್ ಬತ್ತಿದಾಗ ಟ್ಯಾಂಕರ್ ಕಳಿಸಿ ಅಂತ ಫೋನ್ ಹೋಗುವುದು ಪಿಡಿಒಗೆ. ಮೈಸೂರಿನಲ್ಲಿ ರಾಜಕಾಲುವೆ ಉಕ್ಕಿ ಮನೆಯೊಳಗೆ ಬಂದರೆ ಪಾಲಿಕೆಯವರನ್ನೇ ಕರೆಯಬೇಕು. ಹವಾಮಾನ ಬದಲಾವಣೆ ಬಗ್ಗೆ ಎಲ್ಲೆಲ್ಲೋ ದೊಡ್ಡ ಸಮ್ಮೇಳನಗಳು ನಡೆಯುತ್ತವೆ. ಪೆಟ್ಟು ಬಿದ್ದ ದಿನ ಜನರ ಎದುರಿಗೆ ನಿಲ್ಲುವವರು ಮಾತ್ರ ಇವರೇ. ಆದರೆ ಇವರಿಗೆ ನಾವು ಏನು ಕೊಟ್ಟಿದ್ದೇವೆ?

ಮಂಡ್ಯದ ಈಚಿನ ವರ್ಷಗಳನ್ನೇ ನೋಡಿ. 2022ರಲ್ಲಿ ಜಿಲ್ಲೆಯ ಕೆರೆಗಳು ಕೋಡಿ ಬಿದ್ದು ರಸ್ತೆ ಮೇಲೆ ಹರಿದವು. ಮರುವರ್ಷವೇ ಮುಂಗಾರು ಕೈಕೊಟ್ಟಿತು. ಕೆಆರ್‌ಎಸ್ ಅಣೆಕಟ್ಟೆ ತನ್ನ ಪೂರ್ಣ ಮಟ್ಟ 124.80 ಅಡಿ ಮುಟ್ಟಲೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆಯಿತು. ನಾಲೆಯ ಕೊನೆ ಭಾಗದವರು ಒಣಗುವ ಕಬ್ಬು ನೋಡುತ್ತಾ ಕೂರಬೇಕಾಯಿತು. 2025ರಲ್ಲಿ ಜೂನ್ ತಿಂಗಳಲ್ಲೇ ಅಣೆಕಟ್ಟೆ ತುಂಬಿತು. ಕೆಆರ್‌ಎಸ್ ಇತಿಹಾಸದಲ್ಲಿ ಜೂನ್‌ನಲ್ಲಿ ತುಂಬಿದ್ದು ಅದೇ ಮೊದಲು.

ಪ್ರತಿಯೊಂದು ಬರವನ್ನೂ ಹವಾಮಾನ ಬದಲಾವಣೆ ತಲೆಗೆ ಕಟ್ಟುವುದು ಸರಿಯಲ್ಲ. 2023ರಲ್ಲಿ ಎಲ್ ನಿನೋ ಕೂಡ ಇತ್ತು, ಅಂದರೆ ಪೆಸಿಫಿಕ್ ಸಾಗರ ಬಿಸಿಯಾಗಿ ನಮ್ಮ ಮುಂಗಾರನ್ನು ಕುಗ್ಗಿಸುವ ವಿದ್ಯಮಾನ. ಆದರೆ ಒಂದು ಲೆಕ್ಕ ಗಟ್ಟಿಯಾಗಿದೆ. ಗಾಳಿ 1 ಡಿಗ್ರಿ ಬಿಸಿಯಾದರೆ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಾವಿ ಹಿಡಿದುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಮ್ಮೆಗೇ ಸುರಿಯುತ್ತದೆ. ಇಲ್ಲದಿದ್ದರೆ ವಾರಗಟ್ಟಲೆ ಮೋಡವೂ ಕಾಣುವುದಿಲ್ಲ. ಮಳೆ ಹೀಗೆ ಬರುವುದಾದರೆ ಬಂದ ದಿನ ಹಿಡಿದಿಟ್ಟುಕೊಳ್ಳಬೇಕು, ಅಲ್ವಾ? ನಮ್ಮ ಹಿರಿಯರು ಅದಕ್ಕೇ ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಸೇರುವ ಹಾಗೆ ಸಾಲು ಕೆರೆ ಕಟ್ಟಿದರು.

ಆ ಕೆರೆ ಈಗ ಯಾರದ್ದು? ಅಚ್ಚುಕಟ್ಟು, ಅಂದರೆ ಕೆರೆಯ ನೀರು ಉಣ್ಣುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್‌ಗೆ ಸೇರಿದ್ದು. ಅದಕ್ಕಿಂತ ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆಯದ್ದು. ಜಾಗದ ದಾಖಲೆ ಕಂದಾಯ ಇಲಾಖೆಯಲ್ಲಿ. ಒತ್ತುವರಿ ಅಳೆಯಬೇಕು ಅಂದರೆ ಸರ್ವೆಯವರು ಬರಬೇಕು. ತೂಬು ಸೋರುತ್ತಿದೆ ಅಂತ ಹೇಳಲು ಹೋದ ರೈತ ಒಂದು ಆಫೀಸಿನಿಂದ ಇನ್ನೊಂದು ಆಫೀಸಿಗೆ ಅಲೆಯುತ್ತಾನೆ. ಅಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಕೆರೆಗೆ ನೀರು ತರುವ ಹಳ್ಳ ಯಾರದೋ ಬಾಳೆ ತೋಟ ಆಗಿರುತ್ತದೆ. ಹೂಳೆತ್ತಲು ಟೆಂಡರ್ ಆಗುತ್ತದೆ, ಹಳ್ಳ ಬಿಡಿಸುವ ಕೆಲಸ ಯಾರಿಗೂ ಬೇಡ. ಆಮೇಲೆ ಹೂಳೆತ್ತಿದ ಕೆರೆಗೆ ನೀರೇ ಬರುವುದಿಲ್ಲ. ನನಗೆ ತುಂಬಾ ಸಂಕಟ ಆಗುವುದು ಇಲ್ಲಿ.

ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರು ಕುರಿ ಕಾಯುತ್ತಾ ಕುಂದಿನಿಬೆಟ್ಟದ ಮೇಲೆ ಕಟ್ಟೆಗಳನ್ನು ತೋಡಿದರು. ಅವರ ಬಗ್ಗೆ ನನಗೆ ಅಪಾರ ಗೌರವ ಇದೆ. ಆದರೆ ಒಬ್ಬ ಮನುಷ್ಯ ತನ್ನ ಕೂಡಿಟ್ಟ ದುಡ್ಡು ಹಾಕಿ ಮಾಡಿದ ಕೆಲಸವನ್ನು ಹೊಗಳಿ ಕೈತೊಳೆದುಕೊಂಡರೆ ಆಗುವುದಿಲ್ಲ. ಅದು ಊರಿನ ಸ್ಥಳೀಯ ಸರ್ಕಾರ ಮಾಡಬೇಕಿದ್ದ ಕೆಲಸ.

ಇದು ಶ್ರೀಮಂತ ದೇಶಗಳಿಗೆ ಮಾತ್ರ ಸಾಧ್ಯ ಅನ್ನುವವರು ಕೀನ್ಯಾ ನೋಡಬೇಕು. ಅಲ್ಲಿ 2010ರ ಸಂವಿಧಾನ 47 ಕೌಂಟಿಗಳನ್ನು ಮಾಡಿತು. ನಮ್ಮ ಜಿಲ್ಲೆಗಳಂತೆಯೇ, ಆದರೆ ಚುನಾಯಿತ ಸರ್ಕಾರ ಇರುವಂಥವು. ಮಕುಯೆನಿ ಅನ್ನುವುದು ಅದರಲ್ಲಿ ಒಣ ಪ್ರದೇಶದ ಕೌಂಟಿ. ತನ್ನ ಅಭಿವೃದ್ಧಿ ಬಜೆಟ್‌ನ 1 ಪರ್ಸೆಂಟ್ ಹವಾಮಾನ ಕೆಲಸಕ್ಕೇ ಎತ್ತಿಡಬೇಕು ಅಂತ 2015ರಲ್ಲಿ ನಿಯಮ ಮಾಡಿಕೊಂಡಿತು. ಯಾವ ಕೆಲಸ ಬೇಕು ಅನ್ನುವುದನ್ನು ವಾರ್ಡ್ ಮಟ್ಟದ ಸಮಿತಿಗಳು ಆರಿಸುತ್ತವೆ. ಆ ಭಾಗದ ಜನ ಹೆಚ್ಚಾಗಿ ಬಯಸುವುದು ಮರಳು ಕಟ್ಟೆ. ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಕ್ಕೆ ಅಡ್ಡ ಗೋಡೆ ಕಟ್ಟುತ್ತಾರೆ. ಅದರ ಹಿಂದೆ ಮರಳು ತುಂಬಿಕೊಳ್ಳುತ್ತದೆ. ಮರಳಿನೊಳಗೆ ನೀರು ನಿಲ್ಲುತ್ತದೆ. ಬಿಸಿಲಿಗೆ ಆವಿ ಆಗುವುದು ತೀರಾ ಕಡಿಮೆ. ಬೇಸಿಗೆಯಲ್ಲಿ ತೋಡಿದರೆ ನೀರು ಸಿಗುತ್ತದೆ. ಅವರು ಮರಳು ನಿಲ್ಲಿಸಲು ಗೋಡೆ ಕಟ್ಟುತ್ತಿದ್ದಾರೆ. ನಾವು ಶಿಂಷಾ ಹೊಳೆಯ ಮರಳನ್ನು ರಾತ್ರೋರಾತ್ರಿ ಲಾರಿಗೆ ತುಂಬಿ ಕಳಿಸಿದೆವು. ಹೊಳೆ ದಡದ ಬಾವಿಗಳು ಬತ್ತಿದರೆ ಆಶ್ಚರ್ಯ ಏನಿದೆ?

ದೂರ ಯಾಕೆ, ನಮ್ಮ ಪಕ್ಕದ ವಯನಾಡಿನ ಮೀನಂಗಾಡಿ ಪಂಚಾಯ್ತಿ ಇದೆ. ರೈತರು ನೆಟ್ಟ ಮರಗಳನ್ನೇ ಅಡ ಇಟ್ಟುಕೊಂಡು ಬಡ್ಡಿ ಇಲ್ಲದ ಸಾಲ ಕೊಡುವ ಯೋಜನೆ ಅಲ್ಲಿ ಬಂತು. ಮರ ಕಡಿಯದಿದ್ದರೆ ಸಾಲ ತೀರಿಸಬೇಕಾಗಿಲ್ಲ. ಅಹಮದಾಬಾದ್ ಪಾಲಿಕೆ 2010ರ ಭೀಕರ ಬಿಸಿಲಿನ ನಂತರ, 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ತಂದಿತು. ಎಚ್ಚರಿಕೆ ಕೊಡುವುದು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಕುಡಿಯುವ ನೀರು. ಎಲ್ಲ ಸರಳ ಕೆಲಸಗಳೇ. ಮಾಡಲು ಒಂದು ಪಾಲಿಕೆ ಬೇಕು, ಅಷ್ಟೇ.

ಮೈಸೂರಿನಲ್ಲಿ ಚುನಾಯಿತ ಪಾಲಿಕೆಯ ಅವಧಿ 2023ರ ನವೆಂಬರ್‌ನಲ್ಲಿ ಮುಗಿಯಿತು. ಆಮೇಲೆ ಆಡಳಿತಾಧಿಕಾರಿಗಳ ಕಾಲ. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲ ಮಾಡಲು ಹೈದರ್ ಅಲಿ ರಸ್ತೆಯ 40 ಮರಗಳನ್ನು ಕಡಿದರು. ಜನ ಬೀದಿಗೆ ಬಂದು ಪ್ರತಿಭಟಿಸಿದರು. ನಮ್ಮ ಕಾರ್ಪೊರೇಟರ್‌ನ ಕೇಳೋಣ ಅಂದರೆ ಕಾರ್ಪೊರೇಟರ್ ಇರಲಿಲ್ಲ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲೇ ಮುಗಿದು, ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಬರವೂ ಪ್ರವಾಹವೂ ಬಂದು ಹೋದವು, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಜನರ ಪರವಾಗಿ ಕೂತು ತೀರ್ಮಾನ ಮಾಡುವ ಸಭೆಯೇ ಇರಲಿಲ್ಲ.

ಇದು ಕರ್ನಾಟಕದಲ್ಲಿ ಆಗುತ್ತಿದೆ ಅನ್ನುವುದೇ ನನಗೆ ಹೆಚ್ಚು ನೋವು. ಪಂಚಾಯ್ತಿಗಳಿಗೆ ಸಂವಿಧಾನದ ಸ್ಥಾನ ಕೊಟ್ಟ 73ನೇ ತಿದ್ದುಪಡಿ ಬರುವ ಮೊದಲೇ, 1983ರ ಕಾಯ್ದೆಯಲ್ಲಿ ನಮ್ಮ ರಾಜ್ಯ ಪಂಚಾಯ್ತಿಗಳಿಗೆ ನಿಜವಾದ ಅಧಿಕಾರ ಕೊಟ್ಟಿತ್ತು. ಮಹಿಳೆಯರಿಗೆ 25 ಪರ್ಸೆಂಟ್ ಮೀಸಲಾತಿ ಇತ್ತು. ಅದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಮಂತ್ರಿ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿದ್ದಕ್ಕೆ ಜನ ಪ್ರೀತಿಯಿಂದ ನೀರ್ ಸಾಬ್ ಅಂದರು. ಪಂಚಾಯ್ತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಸಂಸ್ಥೆ ಅವರ ಹೆಸರಿನಲ್ಲೇ ಇದೆ, ಅದೂ ಇದೇ ಮೈಸೂರಿನಲ್ಲಿ.

ದುಡ್ಡಿಲ್ಲ ಅನ್ನುವುದು ಪೂರ್ತಿ ನಿಜ ಅಲ್ಲ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಪಂಚಾಯ್ತಿಗಳಿಗೆ ಬರುವ 60 ಪರ್ಸೆಂಟ್ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಮಳೆನೀರು ಕೊಯ್ಲೂ ಅದರಲ್ಲಿ ಸೇರಿತ್ತು. ಇಲ್ಲದ್ದು ಸ್ವಂತ ತೀರ್ಮಾನ ಮಾಡುವ ಅವಕಾಶ ಮತ್ತು ಅಳತೆ, ಅಂದಾಜು ಮಾಡಿಕೊಡುವ ಒಬ್ಬ ಎಂಜಿನಿಯರ್.

ಹಾಗಾಗಿ ನನ್ನ ಬೇಡಿಕೆ ನೇರವಾಗಿದೆ. ಮಕುಯೆನಿಯಂತೆ ನಮ್ಮ ಜಿಲ್ಲೆಯಲ್ಲೂ ಬಜೆಟ್‌ನ 1 ಪರ್ಸೆಂಟ್ ಹವಾಮಾನ ಕೆಲಸಕ್ಕೆ ಎತ್ತಿಡಬೇಕು. ಸಣ್ಣ ಕೆರೆ ಮತ್ತು ಅದರ ಹಳ್ಳ ಎರಡೂ ಒಂದೇ ಪಂಚಾಯ್ತಿಯ ಜವಾಬ್ದಾರಿ ಆಗಬೇಕು. ಚುನಾವಣೆಯನ್ನು ಅವಧಿಗೆ ಸರಿಯಾಗಿ ಮಾಡಬೇಕು. ಇದಕ್ಕೆ ಒತ್ತಡ ಹಾಕಬೇಕಾದವರು ನಾವೇ. ಮುಂದಿನ ಗ್ರಾಮಸಭೆಗೆ ಹೋಗಿ, ನಮ್ಮೂರ ಕೆರೆ ಸರ್ವೆ ನಂಬರ್ ಪ್ರಕಾರ ಎಷ್ಟು ಎಕರೆ, ಈಗ ಎಷ್ಟಿದೆ, ಅದಕ್ಕೆ ನೀರು ತರುವ ಹಳ್ಳವನ್ನು ಮಳೆಗೆ ಮುಂಚೆ ಯಾರು ಬಿಡಿಸುತ್ತಾರೆ ಅಂತ ಕೇಳಿ. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬನ್ನಿ.