ಇದರಲ್ಲಿ ತಬಲಾ ಉಂಟಾ?

ನಾಲ್ಕೈದು ವರ್ಷ ಗಿಟಾರ್ ಬಾರಿಸಿದವರಿಗೆ ಒಂದು ದಿನ ಇದ್ದಕ್ಕಿದ್ದ ಹಾಗೆ ಸಿಂಥಸೈಜರ್, ಅಂದರೆ ಸದ್ದನ್ನು ಕರೆಂಟಿನಿಂದಲೇ ಹುಟ್ಟಿಸುವ ಕೀ ವಾದ್ಯ, ಬೇಕು ಅನಿಸಲು ಶುರುವಾಗುತ್ತದೆ. ಯಾಕೆ ಅಂತ ಕೇಳಿದರೆ ನೆಟ್ಟಗೆ ಉತ್ತರ ಇರುವುದಿಲ್ಲ. ಗಿಟಾರಿನಲ್ಲಿ ಸ್ವರ ಮೀಟಿದ ಕೂಡಲೇ ಸಾಯಲು ಹೊರಡುತ್ತದೆ. ಸಿಂಥ್‌ನಲ್ಲಿ ಕೀ ಬಿಡುವ ತನಕ ಬದುಕಿರುತ್ತದೆ. ಆಸೆ ಹುಟ್ಟಲು ಇಷ್ಟು ಸಾಕು.

ಆಸೆ ಸುಲಭ, ಆರಿಸುವುದು ಕಷ್ಟ. ಅದರಲ್ಲೂ ನಾವಿರುವುದು ಕಾಸರಗೋಡಿನ ಬದಿಯಡ್ಕದ ಕಡೆ. ಎತ್ತ ಹೋದರೂ ಒಂದು ಭಜನಾ ಮಂದಿರ, ಮಂದಿರಕ್ಕೊಂದು ಹಾರ್ಮೋನಿಯಮ್. ಮದುವೆಗೆ ಬರುವ ಗಾನಮೇಳದವರಲ್ಲಿ ದೊಡ್ಡ ಕೀಬೋರ್ಡ್. ಕಪ್ಪು ಬಿಳಿ ಕೀ ಕಂಡರೆ ಸಾಕು, ಅದರೊಳಗೆ ತಾಳ, ಶಹನಾಯಿ, ಕೊಳಲು ಎಲ್ಲ ಇದ್ದೇ ಇರಬೇಕು ಅಂತ ಊರಿನ ಲೆಕ್ಕ. ನನ್ನ ಪುಟ್ಟ ಸಿಂಥ್ ನೋಡಿದ ಭಾವ ಮೊದಲು ಕೇಳಿದ್ದೇ ಅದನ್ನು. ಭಾವ ಭಜನೆಗೆ ಹಾರ್ಮೋನಿಯಮ್ ಹಿಡಿಯುವವರು.

"ಇದರಲ್ಲಿ ತಬಲಾ ಉಂಟಾ?"

"ಇಲ್ಲ ಭಾವ."

"ಕೊಳಲು?"

"ಅದೂ ಇಲ್ಲ. ಬೇಕಾದರೆ ಮಾಡಿಕೊಳ್ಳಬಹುದು. ಕೊಳಲು ಅಂತ ನಾವೇ ಹೇಳಬೇಕು ಅಷ್ಟೆ."

"ಎರಡೇ ಸಪ್ತಕ ಅಲ್ವಾ ಇರುವುದು? ಒಂದು ಸಲಕ್ಕೆ ಎಷ್ಟು ಸ್ವರ ಬರುತ್ತದೆ?"

"ಒಂದು."

ಭಾವ ಪೆಟ್ಟಿಗೆಯನ್ನು ಮಗುಚಿ ಅಡಿಭಾಗವನ್ನೂ ನೋಡಿದರು. "ಇದಕ್ಕೆ ದುಡ್ಡು ಕೊಟ್ಟದ್ದಾ ಮಾರಾಯ?"

ಅವರು ಕೇಳಿದ್ದರಲ್ಲಿ ನ್ಯಾಯ ಇದೆ. ಅಷ್ಟೇ ದುಡ್ಡಿಗೆ ಮಂಗಳೂರಿನ ಅಂಗಡಿಯಲ್ಲಿ 61 ಕೀ, ನೂರಾರು ವಾದ್ಯ, ಬೇಕಾದಷ್ಟು ತಾಳ ಇರುವ ಕೀಬೋರ್ಡ್ ಸಿಗುತ್ತದೆ. ಆದರೆ ಅದರೊಳಗಿನ ಕೊಳಲನ್ನು ಯಾರೋ ಮಾಡಿಟ್ಟಿರುತ್ತಾರೆ. ಸಿಂಥ್‌ನಲ್ಲಿ ಸದ್ದು ಹುಟ್ಟುವ ಜಾಗಕ್ಕೇ ಕೈ ಹಾಕಬಹುದು. ಆಸಿಲೇಟರ್ ಒಂದು ಒರಟು ಸದ್ದು ಕೊಡುತ್ತದೆ. ಫಿಲ್ಟರ್ ಅದರ ಚೂಪು ತೆಗೆಯುತ್ತದೆ. ಸದ್ದು ಎಷ್ಟು ಬೇಗ ಏಳಬೇಕು, ಹೇಗೆ ಇಳಿಯಬೇಕು ಅನ್ನುವುದು ಎನ್ವಲಪ್‌ನ ಕೆಲಸ. ಗಿಟಾರಿನವರಿಗೆ ಇದರಲ್ಲಿ ತೀರಾ ಹೊಸದು ಏನಿಲ್ಲ. ವಾಹ್ ಪೆಡಲ್ ತುಳಿದವರೆಲ್ಲ ಫಿಲ್ಟರ್ ತಿರುಗಿಸಿದವರೇ, ಕಾಲಿನಲ್ಲಿ ಅಷ್ಟೆ. ಅಂಗೈಯ ಅಂಚನ್ನು ತಂತಿಗೆ ಒತ್ತಿ ಟಕ್ ಟಕ್ ಅಂತ ಮೀಟುತ್ತೇವಲ್ಲ, ಅದು ಎನ್ವಲಪ್ ಗಿಡ್ಡ ಮಾಡುವ ಕೆಲಸ.

ಹಾಗಾಗಿ ಕೀ ಎಷ್ಟು ಅಂತ ಎಣಿಸುವುದು ಬೇಡ ಅನ್ನುತ್ತೇನೆ. ಪಿಯಾನೋ ಕಲಿತವರು ಎರಡೂ ಕೈಯನ್ನು ಸ್ವರಗಳಿಗೇ ಕೊಡುತ್ತಾರೆ. ಗಿಟಾರಿನಲ್ಲಿ ಒಂದು ಸ್ವರಕ್ಕೆ ಎರಡು ಕೈ. ಯಾವ ಸ್ವರ ಅಂತ ಎಡಗೈ ಹೇಳುತ್ತದೆ, ಅದು ಹೇಗೆ ಕೇಳಬೇಕು ಅಂತ ಬಲಗೈ. ಸಿಂಥ್‌ನಲ್ಲೂ ಹಾಗೇ, ಕೈ ಮಾತ್ರ ಅದಲು ಬದಲು. ಬಲಗೈ ಕೀ ಮೇಲೆ, ಎಡಗೈ ನಾಬ್ ಮೇಲೆ. ಎಡಗೈಗೆ ಕೆಲಸ ಕೊಡದ ಸಿಂಥ್ ಗಿಟಾರಿನವರಿಗೆ ಬೇಗ ಬೇಜಾರು ಬರಿಸುತ್ತದೆ. ಒಂದು ನಾಬ್‌ಗೆ ಒಂದೇ ಕೆಲಸ ಇರಬೇಕು. ಪುಟ್ಟ ಪರದೆಯೊಳಗೆ ಮೆನು, ಮೆನುವಿನೊಳಗೆ ಇನ್ನೊಂದು ಮೆನು ಇರುವಂಥದ್ದು ಎಷ್ಟೇ ಅಗ್ಗವಾದರೂ ಮೊದಲ ಸಿಂಥ್ ಆಗಿ ಬೇಡ. ಒಂದೇ ಸ್ವರ ಬರುವುದಾದರೂ ಚಿಂತೆಯಿಲ್ಲ. ಕಾರ್ಡ್, ಅಂದರೆ ಒಟ್ಟಿಗೆ ನಾಲ್ಕಾರು ಸ್ವರ, ಬೇಕಾದರೆ ಗಿಟಾರ್ ಇದೆಯಲ್ಲ.

ಕೀ ಮುಂದೆ ಕೂತ ಗಿಟಾರಿನವರಿಗೆ ಮೊದಲು ಕಾಡುವುದು ಬೆಂಡ್. ತಂತಿಯನ್ನು ಎಳೆದು ಸ್ವರ ಏರಿಸಿದ ಬೆರಳು ಇಲ್ಲೂ ಸುಮ್ನೆ ಕೀಯನ್ನು ಪಕ್ಕಕ್ಕೆ ತಳ್ಳಲು ನೋಡುತ್ತದೆ. ಏನೂ ಆಗುವುದಿಲ್ಲ. ಆಕಾಶವಾಣಿಯವರು 1940ರಿಂದ 1971ರವರೆಗೆ ಹಾರ್ಮೋನಿಯಮನ್ನು ಒಳಗೆ ಬಿಟ್ಟಿರಲಿಲ್ಲ. ಅದರಲ್ಲಿ ಜಾರು ಬರುವುದಿಲ್ಲ ಅನ್ನುವುದೂ ಅದರ ಮೇಲಿದ್ದ ಒಂದು ದೂರು. ಸಿಂಥ್‌ನಲ್ಲಿ ಈ ದೂರಿಗೆ ಜಾಗವಿಲ್ಲ. ಹೆಚ್ಚಿನವುಗಳ ಎಡಗಡೆ ಒಂದು ಚಕ್ರವೋ ಕಡ್ಡಿಯೋ ಇರುತ್ತದೆ, ಅದನ್ನು ದೂಡಿದರೆ ಬೆಂಡ್. ಗ್ಲೈಡ್ ಜಾಸ್ತಿ ಮಾಡಿದರೆ ಒಂದು ಕೀಯಿಂದ ಇನ್ನೊಂದಕ್ಕೆ ಸ್ವರ ಜಾರಿಕೊಂಡು ಹೋಗುತ್ತದೆ. ಭಾವನಿಗೆ ತೋರಿಸಿದೆ. ಮೋಹನ ರಾಗದಲ್ಲಿ ಗಾಂಧಾರದಿಂದ ಪಂಚಮಕ್ಕೆ ಅದು ಜಾರಿದಾಗ, "ಹಾಂ, ಇದು ನನ್ನ ಪೆಟ್ಟಿಗೆಯಲ್ಲಿ ಆಗುವುದಿಲ್ಲ" ಅಂತ ಒಪ್ಪಿಕೊಂಡರು. ತಬಲಾ ಇಲ್ಲದ್ದು ಮಾತ್ರ ಅವರಿಗೆ ಕೊನೆಯವರೆಗೂ ಸರಿ ಕಾಣಲಿಲ್ಲ.

ಗಿಟಾರಿನವರಿಗೂ ಸಿಂಥ್‌ಗೂ ಹಳೆಯ ಸಂಬಂಧ ಉಂಟು. ರೋಲ್ಯಾಂಡ್ ಕಂಪೆನಿ 1981ರಲ್ಲಿ ಟಿಬಿ-303 ಅನ್ನುವ ಪುಟ್ಟ ಬೆಳ್ಳಿ ಬಣ್ಣದ ಯಂತ್ರ ತಂದಿತು. ಬೇಸ್, ಅಂದರೆ ತಗ್ಗು ಸ್ವರ, ಬಾರಿಸಲು ಜನ ಸಿಗದ ಗಿಟಾರಿನವರು ಇದನ್ನು ಜೊತೆಗಿಟ್ಟುಕೊಳ್ಳಲಿ ಅಂತ. ಸದ್ದು ನೋಡಿದರೆ ಬೇಸ್ ಗಿಟಾರಿನ ಹತ್ತಿರವೂ ಇರಲಿಲ್ಲ. 1984ಕ್ಕೆ ತಯಾರಿ ನಿಂತಿತು. ಆಮೇಲೆ ಅದನ್ನು ಅಗ್ಗಕ್ಕೆ ಕೊಂಡ ಷಿಕಾಗೋದ ಹುಡುಗರು ನಾಬ್ ತಿರುಗಿಸಿ ತಿರುಗಿಸಿಯೇ ಆಸಿಡ್ ಹೌಸ್ ಅನ್ನುವ ಸಂಗೀತ ಕಟ್ಟಿದರು. ಅವರಿಗಿಂತ ಮೊದಲೇ, 1982ರಲ್ಲಿ, ಮುಂಬೈಯ ಚರಣಜಿತ್ ಸಿಂಗ್ ಅದೇ ಯಂತ್ರವನ್ನು ಇಟ್ಟುಕೊಂಡು ರಾಗಗಳ ಒಂದು ರೆಕಾರ್ಡ್ ಮಾಡಿದ್ದರು. ಹಿಂದಿ ಸಿನಿಮಾದ ವಾದ್ಯವೃಂದದಲ್ಲಿ ಗಿಟಾರ್ ಬಾರಿಸುತ್ತಿದ್ದವರು ಅವರು!

ಗಿಟಾರಿಗೇ ತಂತಿಯ ಕಂಪನ ಹಿಡಿಯುವ ಪಿಕಪ್ ಅಂಟಿಸಿ ಅದರಿಂದ ಸಿಂಥ್ ನುಡಿಸುವ ದಾರಿಯೂ ಇದೆ. ರೋಲ್ಯಾಂಡ್‌ನವರೇ 1977ರಲ್ಲಿ ಜಿಆರ್-500 ತಂದಿದ್ದರು. ನನಗೆ ಅದು ಹಿಡಿಸುವುದಿಲ್ಲ. ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಯಾವ ಸ್ವರ ಅಂತ ಗುರುತಿಸಲು ಯಂತ್ರ ಒಂದು ಕಂಪನವನ್ನಾದರೂ ಪೂರ್ತಿ ನೋಡಬೇಕು ಅಂದರೆ 12 ಮಿಲಿಸೆಕೆಂಡ್ ಅಲ್ಲೇ ಹೋಯಿತು. ಬೆರಳಿಗೆ ಅದು ಗೊತ್ತಾಗುತ್ತದೆ.

ಈಗ ಹೆಸರು ಹೇಳಿ ಅಂದರೆ, ಕೋರ್ಗ್ ಮೊನೊಲಾಗ್ ನಮ್ಮ ಕೈಗೆ ಹೇಳಿ ಮಾಡಿಸಿದ್ದು. ಅದರ 25 ಕೀ ಶುರುವಾಗುವುದು ಇ ಸ್ವರದಿಂದ, ಮುಗಿಯುವುದೂ ಇ ಸ್ವರಕ್ಕೆ. ಗಿಟಾರಿನ ದಪ್ಪ ತಂತಿಯೂ ಸಪೂರ ತಂತಿಯೂ ಇ ಅಲ್ವಾ? ಆರ್ಟೂರಿಯಾ ಮೈಕ್ರೋಫ್ರೀಕ್‌ನಲ್ಲಿ ಕೀಯೇ ಇಲ್ಲ, ಒಂದು ತಗಡಿನ ಮೇಲೆ ಕೀ ಚಿತ್ರ ಬರೆದಂತಿದೆ. ಬೆರಳು ಒತ್ತಿದಷ್ಟು ಸದ್ದು ಬದಲಾಗುವ ಹಾಗೆ ಮಾಡಿಕೊಳ್ಳಬಹುದು. ಇನ್ನೂ ಅಗ್ಗಕ್ಕೆ ಕೋರ್ಗ್ ವೋಲ್ಕಾ ಇದೆ. ಪುಟ್ಟದು, ಒಳಗೇ ಸ್ಪೀಕರ್ ಇರುವಂಥದ್ದು. ಮೊನೊಲಾಗ್, ವೋಲ್ಕಾ ಎರಡೂ ಆರು ಪೆನ್‌ಸೆಲ್‌ನಲ್ಲಿ ನಡೆಯುತ್ತವೆ. ಮಳೆಗಾಲದ ಆಟಿ ತಿಂಗಳಲ್ಲಿ ಒಂದು ಗಾಳಿ ಬೀಸಿದರೆ ಎಲ್ಲೋ ಕಂಗು (ಅಡಿಕೆ ಮರ) ಲೈನಿನ ಮೇಲೆ ಬಿದ್ದು ಕರೆಂಟು ಹೋಗುವ ಊರಿನಲ್ಲಿ ಇದು ಸಣ್ಣ ಗುಣ ಅಲ್ಲ.

ಗಿಟಾರಿನವರ ಮನೆಯಲ್ಲಿ ಪೆಡಲಿನ 9 ವೋಲ್ಟ್ ಅಡಾಪ್ಟರ್ ಇದ್ದೇ ಇರುತ್ತದೆ. ಅದನ್ನು ಈ ಎರಡಕ್ಕೆ ಚುಚ್ಚಲು ಹೋಗಬೇಡಿ. ತೂತಿನ ಪಕ್ಕದ ಪುಟ್ಟ ಚಿತ್ರ ನೋಡಿ: ನಡುವೆ ಒಂದು ಚುಕ್ಕಿ, ಸುತ್ತ ಒಂದು ಕಮಾನು, ಆಚೀಚೆ ಪ್ಲಸ್ ಮೈನಸ್. ಸಾಮಾನ್ಯವಾಗಿ ಪೆಡಲ್‌ಗಳಲ್ಲಿ ನಡುವಿನದ್ದು ಮೈನಸ್, ಇವುಗಳಲ್ಲಿ ಪ್ಲಸ್. ಗಿಟಾರ್ ಆಂಪ್‌ಗೆ ಹಾಕುವುದಾದರೆ ವಾಲ್ಯೂಮ್ ಪೂರ್ತಿ ಇಳಿಸಿ ಶುರು ಮಾಡಿ. ಸಿಂಥ್‌ನ ತಗ್ಗು ಸದ್ದು ಗಿಟಾರ್ ಸ್ಪೀಕರಿಗೆ ಹೇಳಿದ್ದಲ್ಲ, ಮೇಲಿನ ಹೊಳಪು ಅದರಲ್ಲಿ ಕೇಳುವುದೂ ಇಲ್ಲ. ಹೆಡ್‌ಫೋನ್ ವಾಸಿ. ಮನೆಯವರಿಗೂ ವಾಸಿ.

ಹಳೆಯದು ಸಿಕ್ಕಿದರೆ ಬಿಡಬೇಡಿ, ಆದರೆ ನಮ್ಮ ಕಡೆಯ ಮಳೆಗಾಲ ಕಳೆದ ಯಂತ್ರ ಅನ್ನುವುದು ನೆನಪಿರಲಿ. ನಾನು ಕೊಂಡದ್ದು ಕುಂಬಳೆಯ ಒಬ್ಬರಿಂದ. ಒಂದು ಕೀ ಒತ್ತಿ ಹಿಡಿದು ಒಂದೊಂದೇ ನಾಬ್ ಈ ಕೊನೆಯಿಂದ ಆ ಕೊನೆಗೆ ನಿಧಾನ ತಿರುಗಿಸುತ್ತಾ ಕೂತೆ. ಅವರಿಗೆ ತಾಳ್ಮೆ ತಪ್ಪಿತು.

"ನಿಮಗೆ ಬಾರಿಸಲು ಬರುವುದಿಲ್ವಾ?"

"ಗಿಟಾರ್ ಬರುತ್ತದೆ" ಅಂದೆ.

ಫಿಲ್ಟರಿನ ಸದ್ದಿಗೆ ಮೊನಚು ಕೊಡುವ ರೆಸೊನೆನ್ಸ್ ನಾಬ್ ತಿರುಗಿಸುವಾಗ ಸದ್ದು ಹಾರಿ ಹಾರಿ ಬರುತ್ತಿತ್ತು. ಕೇಳಿಸಿದೆ. ಐನೂರು ರೂಪಾಯಿ ಇಳಿಸಿದರು.